ಗಾರ್ಲೆಂಡ್‌ನ ಮಾತಿಗೆ ಆಧಾರವೇನು

ಪೂರ್ವ ಕೆಂಟಕಿಯ ಬೆಟ್ಟಗಳ ನಡುವಿನ ಆ ಊರಿನಲ್ಲಿ ವರ್ಲೀನ್ ಹೊಲ್ಬ್ರುಕ್ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಲ್ಲಿದ್ದಳು. ಅವಳ ಅಣ್ಣ ಗಾರ್ಲೆಂಡ್ ಹಳೇ ಕಾರು ಮಾರುತ್ತಿದ್ದ. ಆ ಬೇಸಿಗೆಯಲ್ಲಿ ಅವನು ಶಾಲಾ ಮಂಡಳಿಯ ಚುನಾವಣೆಗೆ ನಿಂತ. ನಿಂತವನು ಹೋದಲ್ಲೆಲ್ಲ ತಂಗಿಯನ್ನು ಮಾತಿಗೆ ಎಳೆದು ತಂದ.

"ನಮ್ಮನೇಲೇ ನೋಡಿ. ಓದಮ್ಮ ಅಂದ್ರೆ ಒಲ್ಲೆ ಅಂತ ಹೈಸ್ಕೂಲು ಬಿಟ್ಲು. ಸೋಮಾರಿಗಳು ಹೇಗಿರ್ತಾರೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ!"

ಜನ ನಕ್ಕರಂತೆ. ಜೊತೆಯ ಕೆಲಸದವರಿಂದ ಇದು ಕಿವಿಗೆ ಬಿದ್ದಾಗ ವರ್ಲೀನಳ ಮೈಯೆಲ್ಲ ಉರಿದುಹೋಯಿತು. ತಾಯಿಗೆ ಲಕ್ವ ಹೊಡೆದಾಗ ಶಾಲೆ ಬಿಡಿಸಿ ಅವಳನ್ನು ಹಾಸಿಗೆಯ ಪಕ್ಕ ಕೂರಿಸಿದ್ದು ಅಪ್ಪ ಮತ್ತು ಇದೇ ಗಾರ್ಲೆಂಡ್. ಆದರೆ ಶಾಲೆ ಮುಗಿಸದವಳು ಬಾಯಿ ತೆರೆದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಮೊದಲು ಪಾಸಾಗುತ್ತೇನೆ, ಆಮೇಲೆ ಇವನನ್ನು ನೋಡಿಕೊಳ್ಳುತ್ತೇನೆ ಎಂದು ಹಲ್ಲು ಕಚ್ಚಿ, ಹೈಸ್ಕೂಲು ಬಿಟ್ಟ ದೊಡ್ಡವರನ್ನು ಹೈಸ್ಕೂಲಿಗೆ ಸಮನಾದ ಪರೀಕ್ಷೆಗೆ ತಯಾರು ಮಾಡಲು ಗ್ರಂಥಾಲಯದಲ್ಲಿ ನಡೆಯುವ ತರಗತಿಗೆ ಸೇರಿದಳು.

ಲೆಕ್ಕ, ವಿಜ್ಞಾನ ಹೇಗೋ ದಾಟಿದಳು. ಸಿಕ್ಕಿಬಿದ್ದಿದ್ದು ಪ್ರಬಂಧದಲ್ಲಿ. ಒಂದೇ ವಿಷಯಕ್ಕೆ ಪರ ಒಂದು ಲೇಖನ, ವಿರೋಧ ಒಂದು. ಯಾರ ವಾದ ಗಟ್ಟಿ ಎಂದು ಮುಕ್ಕಾಲು ಗಂಟೆಯಲ್ಲಿ ಬರೆಯಬೇಕು. ಮೊದಲ ಸಲ ಅಲ್ಲಿ ತನ್ನ ಸಿಟ್ಟನ್ನೆಲ್ಲ ಕಾರಿದಳು. ಫೇಲಾದಳು.

"ನಿನಗೇನು ಅನ್ಸುತ್ತೆ ಅಂತ ಅಲ್ಲಿ ಯಾರೂ ಕೇಳಿಲ್ಲ ಕಣಮ್ಮಾ," ಎಂದರು ಪಾಠ ಹೇಳುವ ಟಾಕೆಟ್ ಮೇಡಂ. "ಮೊದಲು ಪ್ರಶ್ನೆ ಓದು, ಲೇಖನ ಆಮೇಲೆ. ಹೇಳಿದ್ದೇನು, ಅದಕ್ಕೆ ತೋರಿಸಿದ್ದೇನು, ಎರಡನ್ನೂ ಬೇರೆ ಮಾಡು. ಯಾರು ಕಂಡಿದ್ದು, ಯಾರು ಎಣಿಸಿದ್ದು ಅಂತ ಕೇಳು. ಬರೀ ಅಳು ಬರಿಸೋ ಮಾತಿದ್ರೆ ಅದು ಆಧಾರ ಅಲ್ಲ. ತಿದ್ದೋಕೂ ಸ್ವಲ್ಪ ಹೊತ್ತು ಉಳಿಸ್ಕೋ."

"ಲೇಖನ ಬರೆದೋನು ಸೊಕ್ಕಿನವನಾದ್ರೆ?"

"ಸೊಕ್ಕಿಗೆ ಅಂಕ ಕಳೀಬೇಡ. ಅವನು ತೋರಿಸಿದ್ದನ್ನ ನೋಡು."

ಎರಡನೇ ಸಲ ಬಂದದ್ದು ಊರೊಳಗೆ ಕಲ್ಲಿದ್ದಲು ಲಾರಿಗಳನ್ನು ಬಿಡಬೇಕೇ ಎಂಬ ಪ್ರಶ್ನೆ. ಬಿಡಬಾರದು ಎಂದು ಬರೆದ ಲೇಖಕಿ ಲಾರಿಗೆ ಸಿಕ್ಕಿ ಸತ್ತ ತನ್ನ ಅಜ್ಜನನ್ನು ನೆನೆದು ಕಣ್ಣೀರಿಟ್ಟಿದ್ದಳು. ಬಿಡಬೇಕು ಎಂದ ಲೇಖಕನದು ಗಾರ್ಲೆಂಡ್‌ನದೇ ಧಾಟಿ, ಅದೇ ತಾತ್ಸಾರ. ಆದರೆ ಲಾರಿ ಬಿಟ್ಟ ಊರುಗಳಲ್ಲಿ ಅಪಘಾತ ಹೆಚ್ಚಿಲ್ಲ ಎಂಬುದಕ್ಕೆ ಅಂಕಿಅಂಶ ಅವನ ಬಳಿಯಿತ್ತು. ಸುಟ್ಟುಬಿಡುವಷ್ಟು ಸಿಟ್ಟಿದ್ದರೂ ವರ್ಲೀನ್ ಅವನ ವಾದವೇ ಗಟ್ಟಿಯೆಂದು ಬರೆದಳು. ಬೆರಳು ಒತ್ತಿದ ರಭಸಕ್ಕೆ ಕಂಪ್ಯೂಟರಿನ ಕೀಲಿಮಣೆ ಸದ್ದಾಗಿ ಪಕ್ಕದವನು ತಿರುಗಿ ನೋಡಿದ. ಈ ಸಲ ಪಾಸಾದಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮತದಾನದ ಹಿಂದಿನ ವಾರ ಊರಿನ ಅಗ್ನಿಶಾಮಕ ಠಾಣೆಯಲ್ಲಿ ಅಭ್ಯರ್ಥಿಗಳ ಸಭೆ. ಗಾರ್ಲೆಂಡ್ ಮತ್ತೆ ಅದೇ ರಾಗ ಎಳೆದ. ವರ್ಲೀನ್ ಎದ್ದು ನಿಂತಳು.

"ನಾನಾಗೇ ಬಿಟ್ಟೆ ಅಂದ್ಯಲ್ಲ ಅಣ್ಣಾ, ಅದಕ್ಕೆ ಸಾಕ್ಷಿ ಯಾರು?"

"ಊರಿಗೇ ಗೊತ್ತಿದೆಯಲ್ಲೇ!"

"ಊರಿಗೆ ಹೇಳಿದ್ದು ಯಾರು?"

"ಅದು... ನಾನೇ. ಅದಕ್ಕೇನೀಗ?"

"ಅಂದ್ರೆ ನಿನ್ನ ಮಾತಿಗೆ ನೀನೇ ಸಾಕ್ಷಿ. ಅವತ್ತು ಮನೇಲಿ ಇನ್ಯಾರಿದ್ರು?"

ಗಾರ್ಲೆಂಡ್ ನೀರಿನ ಲೋಟಕ್ಕೆ ಕೈ ಹಾಕಿದ. ಹಿಂದಿನ ಸಾಲಿನಿಂದ ಚಿಕ್ಕಮ್ಮ ಓಪಲ್ ಕೋಲೂರಿಕೊಂಡು ಎದ್ದಳು. "ನಾನಿದ್ದೆ. 'ಅವಳು ಓದಿ ಏನು ಕಡಿದು ಹಾಕಬೇಕು, ಅಮ್ಮನ್ನ ನೋಡ್ಕೊಳ್ಳಲಿ' ಅಂದೋನು ನೀನೇ ಅಲ್ವೇನೋ? ಹುಡುಗಿ ಪುಸ್ತಕ ತಬ್ಕೊಂಡು ಅಳ್ತಾ ಇದ್ಲು."

ಅಣ್ಣನ ಕತ್ತು ಕೆಂಪೇರುವುದನ್ನು ವರ್ಲೀನ್ ಕಣ್ಣು ಮಿಟುಕಿಸದೆ ನೋಡಿದಳು. ಅವಳಿಗೆ ಎಳ್ಳಷ್ಟೂ ಮರುಕ ಹುಟ್ಟಲಿಲ್ಲ.

ಗಾರ್ಲೆಂಡ್ ಸೋತ. ಹಬ್ಬದೂಟಕ್ಕೆ ತಂಗಿಯನ್ನು ಕರೆಯಲಿಲ್ಲ. ಅವಳು ಚಿಕ್ಕಮ್ಮನ ಜೊತೆ ಬೇಯಿಸಿದ ಹುರುಳಿಕಾಯಿ, ಜೋಳದ ರೊಟ್ಟಿ ತಿಂದಳು.

"ಸಾಕು ಬಿಡೇ ಇನ್ನು, ಒಡಹುಟ್ಟಿದೋನು," ಎಂದಳು ಓಪಲ್.

"ಎಲ್ಲಿ ಸಾಕು ಚಿಕ್ಕಮ್ಮಾ? ಮುಂದಿನ ಸಲ ಅವನು ಮತ್ತೆ ನಿಲ್ತಾನಂತೆ. ಹೈಸ್ಕೂಲು ಪಾಸಾದೋರು ಯಾರು ಬೇಕಾದ್ರೂ ನಿಲ್ಬಹುದು." ವರ್ಲೀನ್ ರೊಟ್ಟಿಗೆ ಬೆಣ್ಣೆ ಸವರಿದಳು. "ಎದುರಿಗೆ ನಾನಿರ್ತೀನಿ."