ಕಂಬಕ್ಕೆ ಕಟ್ಟಿದ ಮಿಸ್ ಲೀನಾ

ಆ ದಿನಗಳಲ್ಲಿ ವಿಜಯನಗರದ ನಮ್ಮ ಅಡ್ಡರಸ್ತೆಯಲ್ಲಿ ಜನ ವಾಸವಿದ್ದ ಮನೆಗಳಿಗಿಂತ ಕಟ್ಟುತ್ತಿದ್ದ ಮನೆಗಳೇ ಹೆಚ್ಚು. ಬೇಸಿಗೆ ರಜೆ ಬಂತೆಂದರೆ ಮರಳುಗುಡ್ಡೆ, ಜಲ್ಲಿರಾಶಿ, ತಾರಸಿಗೆ ಆಸರೆಯಾಗಿ ನಿಲ್ಲಿಸಿದ ಸರ್ವೆ ಮರದ ಕಂಬಗಳು ಎಲ್ಲವೂ ಮಕ್ಕಳ ಸ್ವತ್ತು. ಹಸಿ ಸಿಮೆಂಟಿನ ವಾಸನೆ, ಮೊಣಕೈವರೆಗೆ ಇಳಿಯುವ ಐಸ್ ಕ್ಯಾಂಡಿಯ ಕಿತ್ತಳೆ ಬಣ್ಣ, ಮಾವಿನಕಾಯಿ ಹೋಳಿನ ಉಪ್ಪುಖಾರ, ಇವನ್ನೆಲ್ಲ ನನ್ನ ವಯಸ್ಸಿನ ಓದುಗರಿಗೆ ವಿವರಿಸಬೇಕಿಲ್ಲ. ರಟ್ಟು ಹಾಕಿ ದಪ್ಪ ದಾರದಲ್ಲಿ ಹೊಲಿದ, ಮೈದಾ ಅಂಟಿನ ವಾಸನೆಯ ಪುಸ್ತಕಗಳನ್ನು ಬಾಡಿಗೆಗೆ ಕೊಡುತ್ತಿದ್ದ ಅಂಗಡಿಯೂ ಅವರಿಗೆ ನೆನಪಿರುತ್ತದೆ. ಅಲ್ಲಿಂದಲೇ ನಮ್ಮ ಬೀದಿಗೆ ಏಜೆಂಟ್ ಮಾರ್ತಾಂಡ ಬಂದ. ದೊಡ್ಡವರು ಓದುತ್ತಿದ್ದ ಪತ್ತೇದಾರಿ ಕಾದಂಬರಿಮಾಲೆಯೊಂದನ್ನು ಮಕ್ಕಳಿಗೆಂದು ಚಿತ್ರಗಳಲ್ಲಿ ಹೇಳುವ ಕಾಮಿಕ್ಸ್ ಅದು.

ಈಚೆಗೆ ನನ್ನಣ್ಣ ರಮೇಶ ಬಸವೇಶ್ವರನಗರದಿಂದ ಕೆಂಗೇರಿಯ ನಮ್ಮ ಮನೆಗೆ ಬಂದವನು ಚೀಲದಿಂದ ಅದೇ ಕಾಮಿಕ್ಸನ್ನು ತೆಗೆದು ನನ್ನ ಕೈಗಿಟ್ಟ. ಹಳೆಯ ಪುಸ್ತಕ ಕೂಡಿಡುವ ಸ್ನೇಹಿತನಿಂದ ತಂದದ್ದಂತೆ.

"ಎಂಥಾ ಮಜಾ ಇತ್ತು ಕಣೇ! ಈಗಿನ ಮಕ್ಕಳಿಗೆ ಇದೆಲ್ಲ ಎಲ್ಲಿ ಸಿಗತ್ತೆ?"

ಸಿಗದಿರುವುದೇ ಒಳ್ಳೆಯದು ಎನ್ನುವುದು ಮೊದಲ ಕೆಲವು ಪುಟಗಳಲ್ಲೇ ನನಗೆ ಖಚಿತವಾಯಿತು. ಮಾರ್ತಾಂಡನ ಮೈಗೆ ಬಿಳಿ ಕಾಗದದ ಬಣ್ಣವನ್ನೇ ಬಿಟ್ಟಿದ್ದಾರೆ. ಖಳ ಕರಿಭೈರ ಕಲ್ಲುಕ್ವಾರಿಯವನು. ಅವನ ಮೈಗೆ ಮಸಿ ಬಳಿದು, ತುಟಿಯನ್ನು ಊದಿಸಿ, ಮೂಗನ್ನು ಚಪ್ಪಟೆ ಮಾಡಿದ್ದಾರೆ. ಕುಂಟುವವನು ಗೂಢಚಾರ, ಚಿಂದಿ ಆಯುವವನು ಕಳ್ಳ, ಅಡುಗೆಯವಳು ವಿಷ ಹಾಕುವವಳು. ಬಡವನಾಗಿರುವುದೇ ಅಪರಾಧಕ್ಕೆ ಸಾಕ್ಷಿ. ಮಾರ್ತಾಂಡನ ಸಹಾಯಕಿ ಮಿಸ್ ಲೀನಾ ರಸಾಯನಶಾಸ್ತ್ರ ಓದಿದವಳೆಂದು ಮೊದಲ ಪುಟದಲ್ಲಿ ಹೇಳಿ, ಉಳಿದೆಲ್ಲ ಪುಟಗಳಲ್ಲಿ ಅವಳನ್ನು ಕಂಬಕ್ಕೆ ಕಟ್ಟಿಹಾಕಿದ್ದಾರೆ. ಒಂದೆಡೆ ಮಾರ್ತಾಂಡ ಅವಳ ಕೆನ್ನೆಗೆ ಹೊಡೆಯುತ್ತಾನೆ. ಮುಂದಿನ ಚೌಕದಲ್ಲಿ ಅವಳು ನಗುತ್ತಾಳೆ. ಹೊಡೆತದ ಪಕ್ಕದಲ್ಲೇ ನಗುವನ್ನು ಬರೆದ ಆ ಕೈಯ ಬಗ್ಗೆ ನನಗೆ ಅಸಹ್ಯವಾಯಿತು. ಪುಸ್ತಕವನ್ನು ಮೇಜಿನ ಮೇಲಿಟ್ಟು ಕೈ ತೊಳೆದು ಬಂದೆ.

"ಆ ಕಾಲ ಹಾಗಿತ್ತು ಕಣೇ. ಅದಕ್ಕೆಲ್ಲಾ ಇಷ್ಟು ತಲೆ ಕೆಡಿಸ್ಕೊಂಡ್ರೆ ಹೇಗೆ?" ಎಂದ ಅಣ್ಣ.

"ಕಾಲ ಪೆನ್ಸಿಲ್ ಹಿಡಿಯಲ್ಲ ಅಣ್ಣಾ. ಯಾರೋ ಕೂತು ಬರೆದಿದಾರೆ. ಯಾರೋ ಅಚ್ಚು ಹಾಕಿದಾರೆ."

ನಾವು ಅದನ್ನು ಬರೀ ಓದುತ್ತಿರಲಿಲ್ಲ, ಆಡುತ್ತಿದ್ದೆವು. ನಮ್ಮ ಬೀದಿಯ ಕಟ್ಟಳೆಯೆಂದರೆ, ಪುಸ್ತಕದಲ್ಲಿ ಇದ್ದಂತೆಯೇ ಆಡಬೇಕು. ಜಗಳ ಬಂದರೆ ಮರಳುಗುಡ್ಡೆಯ ಮೇಲೆ ಪುಸ್ತಕ ಬಿಡಿಸಿ ಚಿತ್ರ ನೋಡಬೇಕು. ಚಿತ್ರ ಹೇಳಿದ್ದೇ ತೀರ್ಪು. ಎದುರುಮನೆಯ ಗೋಪಿ ಎಲ್ಲರಿಗಿಂತ ದೊಡ್ಡವನು, ಬೆಳ್ಳಗಿದ್ದ. ಅವನೇ ಮಾರ್ತಾಂಡ. ನಮ್ಮ ಬಡಾವಣೆ ಏಳುವ ಮೊದಲಿನಿಂದ ಅಲ್ಲಿದ್ದ ಹಳ್ಳಿಯ ನಂಜುಂಡ ಕರಿಭೈರ. "ಅವನಿಗೆ ಮಸಿ ಬಳಿಯೋದೂ ಬೇಡ ಗುರು, ರೆಡಿಮೇಡ್" ಎಂದು ಗೋಪಿ ಹೇಳಿದಾಗ ಎಲ್ಲರೂ ನಕ್ಕರು. ನಂಜುಂಡನೂ ನಕ್ಕ, ನಗದಿದ್ದರೆ ಆಟಕ್ಕೆ ಸೇರಿಸುತ್ತಿರಲಿಲ್ಲ. ಗುಂಪಿನಲ್ಲಿ ಹುಡುಗಿ ನಾನೊಬ್ಬಳೇ. ನಾನು ಲೀನಾ.

ಲೀನಾಳ ಪಾಲಿಗೆ ಆಟವೆಂಬುದೇ ಇರಲಿಲ್ಲ. ನನ್ನನ್ನು ಸರ್ವೆ ಕಂಬಕ್ಕೆ ಗೋಣಿ ಹುರಿಯಲ್ಲಿ ಕಟ್ಟಿ, ಬಾಯಿಗೆ ಕರ್ಚೀಫು ಬಿಗಿದು, ಅವರು ಜಲ್ಲಿರಾಶಿಯ ಮೇಲೆ ಹೊಡೆದಾಡುತ್ತಿದ್ದರು. ಒಂದು ಮಧ್ಯಾಹ್ನ ಹೊಡೆದಾಟದ ನಡುವೆ ಗೋಪಿಯ ಮನೆಯಿಂದ ಊಟಕ್ಕೆ ಕರೆ ಬಂತು. ಮಾರ್ತಾಂಡ ಉಣ್ಣಲು ಹೋದ. ಮಾರ್ತಾಂಡನಿಲ್ಲದೆ ಕರಿಭೈರನಿಗೆ ಕೆಲಸವಿಲ್ಲ; ಅವನೂ ಹೋದ. ಉಳಿದವರು ಐಸ್ ಕ್ಯಾಂಡಿ ಗಾಡಿಯ ಗಂಟೆ ಕೇಳಿ ಓಡಿದರು. ನನ್ನ ಅಣ್ಣನೂ ಓಡಿದ. ನನ್ನನ್ನು ಬಿಚ್ಚಬೇಕೆಂದು ಯಾರಿಗೂ ನೆನಪಾಗಲಿಲ್ಲ. ಬಿಸಿಲು ಸರಿದು ನನ್ನ ಮುಖದ ಮೇಲೆ ಬಂತು. ಕೂಗಲು ಬಾಯಿ ಇರಲಿಲ್ಲ.

ತಟ್ಟೆ ಹಾಕಿ ಕಾದು, ಕಡೆಗೆ ಹುಡುಕಿಕೊಂಡು ಬಂದವಳು ಅಮ್ಮ. ಹುರಿ ಬಿಚ್ಚಿ, ನನ್ನನ್ನು ಎತ್ತಿಕೊಂಡೇ ಮನೆಗೆ ತಂದಳು.

"ನಾಳೆಯಿಂದ ಹೋಗ್ಬೇಡ ಬಿಡು" ಎಂದಳು.

"ಹೋಗ್ತೀನಿ. ಆದ್ರೆ ಲೀನಾ ಆಗಲ್ಲ" ಎಂದು ನಾನು ಅತ್ತೆ. ಆದರೆ ಲೀನಾ ಆಗದಿದ್ದರೆ ಆಟವಿಲ್ಲ, ಆಟವಿಲ್ಲದಿದ್ದರೆ ಇಡೀ ರಜೆ ನಾನೊಬ್ಬಳೇ. ಅದು ನನಗೆ ಗೊತ್ತಿತ್ತು.

ಅಮ್ಮ ನನ್ನ ಕೈಮೇಲಿನ ಹುರಿಯ ಗುರುತಿಗೆ ಎಣ್ಣೆ ಸವರಿದಳು. ಊಟ ಬಡಿಸಿ ಪಾತ್ರೆ ತೊಳೆದ ಮೇಲೆ ಪ್ರತಿ ಮಧ್ಯಾಹ್ನ ಅವಳು ಮಾರ್ತಾಂಡನ ಮೂಲ ಕಾದಂಬರಿಗಳನ್ನು ಓದುತ್ತಿದ್ದಳು. ಅಪ್ಪ ಅವನ್ನು ಹಾಳು ಪುಸ್ತಕ ಎನ್ನುತ್ತಿದ್ದರಿಂದ ಹೊದಿಕೆಗೆ ಸದಾ ಹಳೆಯ ದಿನಪತ್ರಿಕೆ. ಮಕ್ಕಳು ಮುಟ್ಟುವಂತಿರಲಿಲ್ಲ.

"ಕಾದಂಬರೀಲಿ ಹಾಗಿಲ್ಲ ಕಣೇ ಪದ್ದಿ" ಎಂದಳು. "ಅದರಲ್ಲಿ ಲೀನಾ ತಾನೇ ಹಗ್ಗ ಬಿಚ್ಕೋತಾಳೆ. ಕಲ್ಲಿಗೆ ಉಜ್ಜಿ ಉಜ್ಜಿ. ಆಮೇಲೆ ಮಾರ್ತಾಂಡನ್ನೂ ಅವಳೇ ಬಿಡಿಸ್ತಾಳೆ."

ಮರುದಿನ ನಾನು ಮರಳುಗುಡ್ಡೆ ಏರಿ ವಾದ ಮಂಡಿಸಿದೆ. ಕಾಮಿಕ್ಸಿನ ಮೊದಲ ಪುಟದಲ್ಲೇ 'ಜನಪ್ರಿಯ ಕಾದಂಬರಿಯ ಚಿತ್ರರೂಪ' ಎಂದು ಅಚ್ಚಾಗಿದೆ. ಅಂದಮೇಲೆ ಕಾದಂಬರಿಯೇ ದೊಡ್ಡ ಪುಸ್ತಕ, ಅದರ ಮಾತೇ ನಡೆಯಬೇಕು.

"ಬುರುಡೆ ಬಿಡ್ಬೇಡ" ಎಂದ ಗೋಪಿ. "ಹುಡುಗಿ ಬಿಡಿಸ್ತಾಳಂತೆ ಮಾರ್ತಾಂಡನ್ನ! ನಡೀರೋ, ಆಂಟಿನೇ ಕೇಳೋಣ."

ಹಿಂಡು ನಮ್ಮ ಅಡುಗೆಮನೆಯ ಬಾಗಿಲಿಗೆ ಬಂತು. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಆಂಟಿ, ಲೀನಾ ತಾನೇ ಬಿಚ್ಕೋತಾಳಾ?"

"ಹೂಂ ಕಣೋ. ನೀನು ಓದಿದೀಯಾ, ನಾನು ಓದಿದೀನಾ?" ಎಂದಳು ಅಮ್ಮ, ತಲೆಯೆತ್ತದೆ.

ದೊಡ್ಡವರು ಓದಿದ ಪುಸ್ತಕದ ಮೇಲೆ ಅಪೀಲು ಇರಲಿಲ್ಲ. ಅಂದಿನಿಂದ ರಜೆ ಮುಗಿಯುವವರೆಗೂ ನಾನು ನನ್ನ ಹುರಿಯನ್ನು ನಾನೇ ಬಿಚ್ಚಿಕೊಂಡೆ. ಗೋಪಿಯನ್ನು ಬಿಡಿಸಿದೆ. ಅವನ ಮುಖ ಹುಳ್ಳಗಾಗುತ್ತಿತ್ತು.

ದೊಡ್ಡವಳಾದ ಮೇಲೆ, ಮಕ್ಕಳ ಪುಸ್ತಕಗಳ ಬಗ್ಗೆ ಶಿಕ್ಷಕರೊಡನೆ ಮಾತನಾಡುವಾಗಲೆಲ್ಲ ಈ ಉದಾಹರಣೆಯನ್ನು ಕೊಡುತ್ತಾ ಬಂದಿದ್ದೆ: ಮೂಲದಲ್ಲಿ ಬಿಡುಗಡೆ ಪಡೆದ ಹೆಣ್ಣನ್ನು ಮಕ್ಕಳ ಕೈಗೆ ಕೊಡುವಾಗ ಮತ್ತೆ ಕಟ್ಟಿಹಾಕಿದರು, ನೋಡಿ. ಅಣ್ಣನಿಗೂ ಅದನ್ನೇ ಹೇಳಿದೆ. ಅವನು ಹಟಕ್ಕೆ ಬಿದ್ದು ಅದೇ ಸ್ನೇಹಿತನಿಂದ ಕಾದಂಬರಿಯನ್ನೂ ತಂದುಕೊಟ್ಟ.

ಆ ಬಿಡುಗಡೆಯ ಪುಟವನ್ನು ಹುಡುಕುತ್ತಾ ಕೊನೆಯವರೆಗೆ ಓದಿದೆ. ಲೀನಾ ಹಗ್ಗ ಬಿಚ್ಚುವುದಿಲ್ಲ. ಕಲ್ಲಿಗೆ ಏನನ್ನೂ ಉಜ್ಜುವುದಿಲ್ಲ. ಮಾರ್ತಾಂಡ ರಹಸ್ಯ ಕಡತವನ್ನು ಎತ್ತಿಕೊಂಡು ಉರಿಯುವ ಗುಹೆಯಿಂದ ಹೊರಗೆ ಹಾರುತ್ತಾನೆ. ಅವಳು ಕಂಬದಲ್ಲೇ ಸುಟ್ಟುಹೋಗುತ್ತಾಳೆ. ಅದಕ್ಕೆ ಮೊದಲು ಅವಳ ಹರಿದ ಸೀರೆಯನ್ನು ಲೇಖಕ ಪುಟಗಟ್ಟಲೆ ಚಪ್ಪರಿಸಿದ್ದಾನೆ. ಮುಂದಿನ ಅಧ್ಯಾಯದಲ್ಲಿ ಮಾರ್ತಾಂಡನಿಗೆ ಹೊಸ ಸಹಾಯಕಿ. ಇದರ ಮುಂದೆ ಕಾಮಿಕ್ಸ್ ಎಷ್ಟೋ ವಾಸಿ. ಅಲ್ಲಿ ಅವಳ ಜೀವವಾದರೂ ಉಳಿಯುತ್ತದೆ.

ಅಮ್ಮ ಈಗ ನನ್ನ ಜೊತೆಗಿದ್ದಾಳೆ. ವರಾಂಡದಲ್ಲಿ ದಂಟಿನ ಸೊಪ್ಪು ಬಿಡಿಸುತ್ತಿದ್ದಳು.

"ಅಮ್ಮಾ, ಲೀನಾ ಸತ್ತೇಹೋಗ್ತಾಳಲ್ಲ?"

"ಯಾವ ಲೀನಾ? ಮೇಲ್ಗಡೆ ಮನೆಯವಳಾ? ಅಯ್ಯೋ, ಬೆಳಗ್ಗೆ ತಾನೇ ಮಾತಾಡ್ಸಿದ್ಲು!"

"ಕಾದಂಬರಿ ಲೀನಾ. ಮಾರ್ತಾಂಡನ ಲೀನಾ."

"ಓ, ಅವಳಾ?" ಅಮ್ಮ ನಕ್ಕಳು. "ಹೂಂ, ಸಾಯ್ತಾಳೆ."

"ಮತ್ತೆ ಆ ಹುಡುಗರ ಮುಂದೆ ಹಾಗಂದೆ?"

"ನಿನ್ನ ಕೈಮೇಲೆ ಹುರಿಯ ಬಾಸುಂಡೆ ಎದ್ದಿತ್ತು. ಸುಟ್ಟುಹೋದ್ಲು ಅಂತ ಹೇಳ್ಬೇಕಿತ್ತಾ?"

"ಬೇರೆ ಕಾದಂಬರಿಗಳಲ್ಲಿ?"

"ಎಲ್ಲಾದ್ರಲ್ಲೂ ಅದೇ. ಒಬ್ಬಳನ್ನ ಬಾವಿಗೆ ತಳ್ತಾರೆ, ಒಬ್ಬಳಿಗೆ ಗುಂಡು ಹೊಡೀತಾರೆ. ಓದಿ ಮುಚ್ಚಿಟ್ಟು ಕಾಫಿಗೆ ನೀರಿಡ್ತಿದ್ದೆ."

"ಮತ್ಯಾಕೆ ಓದ್ತಿದ್ದೆ ಅಮ್ಮಾ?"

ಅಮ್ಮ ಒಂದು ದಂಟನ್ನು ಮುರಿದು ನಾರು ತೆಗೆದಳು. "ಇಡೀ ದಿನದಲ್ಲಿ ನಂದು ಅಂತ ಇದ್ದಿದ್ದು ಅದೊಂದು ಗಂಟೆ. ನಿಮ್ಮಪ್ಪ ಬರೋಷ್ಟರಲ್ಲಿ ಒಂದು ಕಥೆ ಮುಗೀಬೇಕಿತ್ತು. ಹತ್ತಿರದಲ್ಲಿದ್ದ ಅಂಗಡೀಲಿ ಇದ್ದಿದ್ದೂ ಅವೇ ಕಣೇ."

ಮರಳುಗುಡ್ಡೆ ಹೋಯಿತು, ಬಾಡಿಗೆ ಪುಸ್ತಕದಂಗಡಿ ಹೋಯಿತು ಎಂದು ಅಣ್ಣ ಕೊರಗುತ್ತಾನೆ. ನನಗೆ ಅವುಗಳ ಬಗ್ಗೆ ವ್ಯಥೆಯಿಲ್ಲ. ನನ್ನ ವ್ಯಥೆ ಅಮ್ಮನ ಆ ಮಧ್ಯಾಹ್ನಗಳ ಬಗ್ಗೆ. ಬುದ್ಧಿವಂತ ಹೆಂಗಸೊಬ್ಬಳು ತನ್ನ ದಿನದಿಂದ ಕದ್ದು ಉಳಿಸಿಕೊಂಡ ಹೊತ್ತಿಗೆ ನಮ್ಮ ಕನ್ನಡದ ಅಚ್ಚುಮನೆಗಳು ಕೊಟ್ಟದ್ದು ಕಟ್ಟಿಹಾಕಿದ, ಸುಟ್ಟ, ಮುಳುಗಿಸಿದ ಹೆಂಗಸರನ್ನು. ಅವರಲ್ಲಿ ಒಬ್ಬಳನ್ನು ಅವಳು ನನಗಾಗಿ ಬದುಕಿಸಿದಳು. ಅವಳಿಗಾಗಿ ಯಾರೂ ಯಾರನ್ನೂ ಬದುಕಿಸಲಿಲ್ಲ.

ಈಗ ನನ್ನ ಕಪಾಟಿನಲ್ಲಿ ಬೇರೆ ಬಗೆಯ ಪುಸ್ತಕಗಳಿವೆ. ಅವುಗಳಲ್ಲಿ ಹೆಂಗಸರು ಬದುಕುತ್ತಾರೆ, ಎದುರಾಡುತ್ತಾರೆ, ಬಾಗಿಲು ತೆರೆದು ಹೊರಗೆ ಹೋಗುತ್ತಾರೆ. ಅವು ಬರುವಷ್ಟರಲ್ಲಿ ಅಮ್ಮನಿಗೆ ಅಕ್ಷರ ಕಾಣದಂತಾಗಿತ್ತು. ಮಧ್ಯಾಹ್ನ ಪಕ್ಕದಲ್ಲಿ ಕೂತು ಓದಿ ಹೇಳುತ್ತೇನೆ. ಒಂದು ಪುಟ ಕೇಳಿ, "ಚೆನ್ನಾಗಿದೆ, ಆಮೇಲೆ?" ಎನ್ನುತ್ತಾಳೆ. ಆಮೇಲಿನದನ್ನು ಓದುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿರುತ್ತದೆ.