ರೂಟರ್ ಅಂದ್ರೆ ಯಾರು?

ಮುಳಬಾಗಿಲಿನ ಸೈಬರ್ ಕೆಫೆಯಲ್ಲಿ ನನ್ನನ್ನ ಕೆಲಸಕ್ಕಿಟ್ಕೊಂಡಿದ್ದ ಮಂಜಣ್ಣ ಒಂದಿನ ಸಿಟ್ಟಾಗಿ, "ಲೇ, ಕಾಲೇಜು ಹುಡುಗರು ಚಾಟಿಂಗ್ ಮಾಡ್ಕೊಂಡು ನೆಟ್ಟೆಲ್ಲ ನಿಧಾನ ಮಾಡ್ತವ್ರೆ. ಇನ್ಮೇಲೆ ಯಾರಿಗೂ ಚಾಟಿಂಗ್ ಸಿಗಬಾರದು, ರೂಟರಲ್ಲಿ ಫಿಲ್ಟರ್ ಹಾಕೋ" ಅಂದ. ಯಾರಿಗೂ ಅಂದ್ರೆ ಯಾರಿಗೂ. ನೆಟ್ ಹಂಚೋ ಆ ಡಬ್ಬಿಯೊಳಗೆ, ಚಾಟಿಂಗಿಗೆ ಯಾರನ್ನೂ ಬಿಡಬೇಡ ಅಂತ ಒಂದು ಸಾಲು ಬರೆದು ಹಾಕ್ದೆ.

ಸಂಜೆ ಅವನೇ ತಲೆ ಬಾಚ್ಕೊಂಡು ಬಂದು ಕೂತ. ಶ್ರೀನಿವಾಸಪುರದ ಹುಡುಗಿ ಜತೆ ಅವನಿಗೆ ಮದುವೆ ಗೊತ್ತಾಗಿತ್ತು. ದಿನಾ ಅದೇ ಹೊತ್ತಿಗೆ ಇಬ್ಬರದೂ ಚಾಟಿಂಗು. ಅವತ್ತು ಅದು ತೆರೀಲೇ ಇಲ್ಲ.

"ಏಂರಾ ಇದಿ?" ಅಂತ ತೆಲುಗಲ್ಲೇ ರೇಗಿದ. "ನನಗೊಬ್ಬನಿಗೆ ಬಿಡೋ!"

ಅವನ ಕಂಪ್ಯೂಟರಿಗೆ ಬಿಡು ಅಂತ ಒಂದು ಸಾಲು ಬರೆದೆ. ಆದ್ರೆ ಬರೆದಿದ್ದು ಯಾರನ್ನೂ ಬಿಡಬೇಡ ಅನ್ನೋ ಸಾಲಿನ ಕೆಳಗೆ. ರೂಟರು ಮೇಲಿಂದ ಓದುತ್ತೆ, ಮೊದಲು ಸಿಕ್ಕಿದ ಮಾತಿಗೇ ನಿಂತುಬಿಡುತ್ತೆ, ಕೆಳಗಿನದನ್ನ ಓದೋದೇ ಇಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ಅಂಗಡಿ ಫೋನ್ ಬಡ್ಕೊಂಡ್ತು, ಮಂಜಣ್ಣ ಎತ್ತಿದ. ಅಲ್ಲಿ ಕಾದು ಕಾದು ಸಾಕಾಗಿದ್ದ ಹುಡುಗಿಯ ದನಿ ನನಗೂ ಕೇಳಿಸ್ತು.

"ನನ್ನ ಜತೆ ಮಾತಾಡೋಕೆ ಇಷ್ಟ ಇಲ್ಲದಿದ್ರೆ ಹೇಳಿಬಿಡಿ. ಮದುವೆ ಬೇಡ ಅಂತ ಈಗಲೇ ಅಪ್ಪಂಗೆ ಹೇಳ್ತೀನಿ."

"ಅಯ್ಯೋ, ನಾನಲ್ಲ ಕಣೇ, ರೂಟರ್ ಬಿಡ್ತಿಲ್ಲ!"

"ಯಾರದು ರೂಟರ್? ನಿಮ್ಮಕ್ಕನಾ?"

ನಗು ಬಂತು, ಆದ್ರೆ ಮಂಜಣ್ಣನ ಮುಖ ನೋಡಿ ಪಾಪ ಅನ್ನಿಸ್ತು. ಆ ಸಾಲನ್ನ ಎಲ್ಲಕ್ಕಿಂತ ಮೇಲಕ್ಕೆ ತಂದು, ಫೋನ್ ಕಿತ್ಕೊಂಡು, "ಅತ್ತಿಗೆ, ರೂಟರ್ ಒಪ್ಕೊಂಡ್ತು, ಈಗ ಬನ್ನಿ" ಅಂದೆ.

ಆ ಸಾಲಿಗೆ ಅತ್ತಿಗೆ ಅಂತಲೇ ಹೆಸರಿಟ್ಟೆ. ಮದುವೇನೂ ಆಯ್ತು. ಈಗ ಮಂಜಣ್ಣನ ಮನೇಲೂ ಅತ್ತಿಗೆ ಸಾಲೇ ಎಲ್ಲಕ್ಕಿಂತ ಮೇಲಿದೆ. ಅದರ ಕೆಳಗೆ ಅವನು ಏನು ಬರೆದ್ರೂ ಯಾರೂ ಓದಲ್ಲ.