ನಾಯಿಯ ಬಾಯಲ್ಲಿ ಅಣ್ಣನ ದನಿ

ನಾಯಿ ಮಾತಾಡುವ ಸಿನಿಮಾಗಳನ್ನು ನಾನು ಯಾವತ್ತೂ ಇಷ್ಟಪಟ್ಟವಳಲ್ಲ. ಇಷ್ಟಪಡುವಂಥದ್ದು ಅವುಗಳಲ್ಲಿ ಏನಿದೆ ಹೇಳಿ. ಎಲ್ಲವೂ ಕ್ರಿಸ್‌ಮಸ್ಸಿನ ಹಿಂದಿನ ದಿನ ಶುರುವಾಗುತ್ತವೆ. ಒಂದು ಮನೆ, ಮನೆಯೊಳಗೆ ದೀಪ ಸುತ್ತಿದ ಗಿಡ, ಕೆಲಸ ಮುಗಿಸಿ ಬರಲು ಯಾವಾಗಲೂ ತಡಮಾಡುವ ಒಬ್ಬ ಅಪ್ಪ, ಕದಿಯಲು ಬಂದು ಮೆಟ್ಟಿಲಿನಿಂದ ಉರುಳಿ ಬೀಳುವ ಇಬ್ಬರು ದಡ್ಡ ಕಳ್ಳರು. ಹಿಮ ಬೀಳುತ್ತಿರುತ್ತದೆ, ಆದರೆ ಕಿಟಕಿಯಾಚೆ ಎಲೆಗಳು ಹಚ್ಚಗೆ ಅಲುಗುತ್ತಿರುತ್ತವೆ. ಕೈಯಲ್ಲಿ ಕಾಸಿಲ್ಲದವರು ತೆಗೆದ ಸಿನಿಮಾ ಎಂಬುದು ಎಲ್ಲಕ್ಕಿಂತ ಮೊದಲು ಗೊತ್ತಾಗುವುದು ನಾಯಿಯ ಬಾಯಿಂದ. ನಾಯಿ ಸುಮ್ಮನೆ ಕೂತಿರುತ್ತದೆ. ಅದರ ಕಣ್ಣು ಯಾರೋ ಬಿಸ್ಕತ್ತು ತೋರಿಸುತ್ತಿರುವ ಕಡೆಗೆ ನೆಟ್ಟಿರುತ್ತದೆ. ಬಾಯಿಯನ್ನು ಮಾತ್ರ ಕಂಪ್ಯೂಟರಿನಲ್ಲಿ ಬೇರೆಯಾಗಿ ಮಾಡಿ ಅಂಟಿಸಿರುತ್ತಾರೆ. ಮಕ್ಕಳು ಅದನ್ನು ನೋಡಿ ನಗುತ್ತಾರೆ. ನನಗೆ ಮೊದಲಿನಿಂದಲೂ ಮೈ ಜುಮ್ಮೆನ್ನುತ್ತದೆ.

ಅಂಥದ್ದೊಂದು ಸಿನಿಮಾವನ್ನು ನಮ್ಮವ್ವ ಇಡೀ ಚಳಿಗಾಲ ದಿನವೂ ನೋಡಿದಳು. ಅದರ ನಾಯಿಗೆ ಕನ್ನಡದಲ್ಲಿ ದನಿ ಕೊಟ್ಟವನು ನನ್ನ ಅಣ್ಣ. ಸಿನಿಮಾ ಬರುವ ಹೊತ್ತಿಗೆ ಅಣ್ಣ ತೀರಿಹೋಗಿದ್ದ.

ನಮ್ಮ ಮನೆ ಇಳಕಲ್ಲಿನಲ್ಲಿದೆ. ನಾನು ಹುನಗುಂದದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಣ್ಣನದು ದನಿಯ ಉದ್ಯೋಗ. ಆಟೋದಲ್ಲಿ ಮೈಕು ಹಿಡಿದು ಕೂತು ಊರೆಲ್ಲ ಸುತ್ತಿ, ಸೀರೆಯ ರಿಯಾಯಿತಿ ಮಾರಾಟವನ್ನೋ ಕಣ್ಣಿನ ತಪಾಸಣೆಯ ಶಿಬಿರವನ್ನೋ ಸಾರುತ್ತಿದ್ದ. ಮದುವೆ ಒಲ್ಲೆನೆಂದು ಹಟ ಹಿಡಿದು ಅವ್ವನ ಕೈಯಡುಗೆ ಉಂಡುಕೊಂಡು ಇದ್ದವನು. ಬಾಗಲಕೋಟೆಯಲ್ಲಿ ಕೆಲವು ಗೆಳೆಯರು ಒಂದು ಕೋಣೆಯ ಗೋಡೆಗಳಿಗೆ ಹಳೆಯ ಕೌದಿ ಬಡಿದು ಸ್ಟುಡಿಯೋ ಮಾಡಿಕೊಂಡಿದ್ದರು. ಹೊರದೇಶದ ಅಗ್ಗದ ಸಿನಿಮಾ ತಂದು, ನಮ್ಮ ಕಡೆಯ ಮಾತು ಕೂಡಿಸಿ ಯೂಟ್ಯೂಬಿಗೆ ಹಾಕುವುದು ಅವರ ಕೆಲಸ. ನಾಯಿಗೆ ತಕ್ಕ ದನಿ ಹುಡುಕುತ್ತ ಅವರು ಅಣ್ಣನನ್ನು ಕರೆದರು. "ಮನುಷ್ಯಾರ ಪಾತ್ರ ಕೊಡಲಿಲ್ಲೇನು?" ಎಂದು ನಾನು ಕೆಣಕಿದ್ದೆ. "ನಾಯಿನ ಹೀರೋ ಐತವಾ" ಎಂದು ಅವನು ಬೀಗಿದ್ದ.

ಇನ್ನು ನಮ್ಮವ್ವನ ಒಂದು ಕಟ್ಟಳೆಯನ್ನು ಹೇಳಬೇಕು. ಮನೆಯಿಂದ ಹೊರಡುವವರು "ಹೋಗ್ತೇನಿ" ಅನ್ನಬಾರದು, "ಬರ್ತೇನಿ" ಅನ್ನಬೇಕು. ಒಳಗಿದ್ದವರು "ಹೂಂ, ಬಾ" ಅನ್ನಬೇಕು. ಇದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವುದೇ. ಆದರೆ ಅವ್ವನಷ್ಟು ಕಟ್ಟುನಿಟ್ಟು ಬೇರೆ ಯಾರಲ್ಲೂ ನಾನು ಕಂಡಿಲ್ಲ. ಕರೆಂಟಿನ ಮೀಟರು ನೋಡಲು ಬಂದವನು ಬಾಯ್ತಪ್ಪಿ "ಹೋಗ್ತೇನ್ರಿ" ಅಂದದ್ದಕ್ಕೆ ಅವನನ್ನು ಓಣಿಯಿಂದ ಹೊಳ್ಳಿ ಕರೆದು "ಬರ್ತೇನ್ರಿ" ಅನ್ನಿಸಿಯೇ ಕಳಿಸಿದ್ದಳು. ಅವನು ಮುಂದಿನ ತಿಂಗಳು ಬಂದಾಗ ಬಾಗಿಲಲ್ಲೇ "ಬಂದೇನ್ರಿ, ಬರ್ತೇನ್ರಿ" ಎಂದು ಎರಡನ್ನೂ ಒಟ್ಟಿಗೇ ಹೇಳಿ ಮುಗಿಸಿದ.

ಅಣ್ಣ ತೀರಿದ್ದು ಹುನಗುಂದದ ದಾರಿಯಲ್ಲಿ. ಆಟೋದ ಹಿಂದಿನ ಸೀಟಿನಲ್ಲಿ ಮೈಕು ಹಿಡಿದು ಕೂತಲ್ಲೇ ಎದೆ ನಿಂತಿತ್ತು. ಮಾತು ನಡುವೆಯೇ ಕಡಿದದ್ದು ಕೇಳಿ ಆಟೋದವನು ಹಿಂದಿರುಗಿ ನೋಡಿದನಂತೆ. ಆ ಮುಂಜಾನೆ ಅಣ್ಣ ಹೊರಟಾಗ ಅವ್ವ ಮಿಕ್ಸರಿನಲ್ಲಿ ಶೇಂಗಾ ಚಟ್ನಿಯ ಹಿಂಡಿ ಮಾಡುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು ಏನೋ ಅಂದ. ಮಿಕ್ಸರಿನ ಸಪ್ಪಳದಲ್ಲಿ ಅವಳಿಗೆ ಕೇಳಲಿಲ್ಲ. ಅವಳು ತಲೆಯೆತ್ತುವುದರೊಳಗೆ ಅವನು ಹೋಗಿಯಾಗಿತ್ತು. "ಬರ್ತೇನಿ ಅಂದನೋ ಇಲ್ಲೋ? ನಾ ಬಾ ಅನ್ನಲೇ ಇಲ್ಲಲ್ಲ" ಎಂದು ಮಣ್ಣು ಮಾಡಿ ಬಂದ ದಿನದಿಂದ ಒಂದೇ ಹಲುಬು. ಮಿಕ್ಸರನ್ನು ಅಟ್ಟಕ್ಕೆ ಹಾಕಿಸಿದಳು.

ಡಿಸೆಂಬರ್ ಬಂತು, ಸಿನಿಮಾ ಬಂತು. ನಾನೇ ಅದನ್ನು ಟಿವಿಗೆ ಹಚ್ಚಿದೆ. ನೊರೆಯ ಹಿಮದಲ್ಲಿ, ಕೆಂಪು ಟೊಪ್ಪಿಗೆ ಹಾಕಿಕೊಂಡು, ಒಂದು ಬಿಳಿ ನಾಯಿ ಬಾಯಿ ತೆರೆದು ಅಣ್ಣನ ದನಿಯಲ್ಲಿ ಅಂದಿತು: "ಏನ್ರಿ, ಈ ಥಂಡ್ಯಾಗ ಒಂದು ಕಪ್ ಚಾ ಕೊಡೂದು ಬ್ಯಾಡೇನ್ರಿ?" ನಾನು ಗಟ್ಟಿಯಾಗಿ ನಕ್ಕೆ. ನಗು ಅರ್ಧಕ್ಕೆ ಒಣಗಿತು. ಅದು ಅಣ್ಣ ದಿನಾ ಸಂಜೆ ಚಪ್ಪಲಿ ಬಿಡುತ್ತ ಆಡುತ್ತಿದ್ದ ಮಾತು. ಅವ್ವನಿಗೆ ಅದು ಸಿನಿಮಾ ಎಂಬ ಗುಮಾನಿಯೇ ಇದ್ದಂತಿರಲಿಲ್ಲ. ಎದ್ದು ಚಹಕ್ಕಿಟ್ಟಳು.

ಕಥೆಯಲ್ಲಿ ಕೇಕಿನ ಬದಲು ಅಣ್ಣ ಅಮೀನಗಡದ ಕರದಂಟು ತಂದಿದ್ದ. ಕಳ್ಳರಿಗೆ ಅದನ್ನು ತಿನ್ನಿಸಿ ಹಲ್ಲು ಅಂಟಿಸುತ್ತದೆ ಆ ನಾಯಿ. ಅವ್ವ ಆ ಜಾಗ ಬಂದಾಗ ನಗುತ್ತಿದ್ದಳು, ದಿನವೂ ಅದೇ ನಗು. ಕಡೆಯಲ್ಲಿ ನಾಯಿ ಕೆಂಪು ಟೊಪ್ಪಿಗೆಯ ತಾತನ ಗಾಡಿ ಹತ್ತಿ ದೂರ ಹೊರಡುತ್ತದೆ. ಬಾಗಿಲಲ್ಲಿ ನಿಂತ ಬೆಳ್ಳಗೂದಲಿನ ಅಜ್ಜಿಯತ್ತ ತಿರುಗಿ, ಬಾಯಗಲಿಸಿ, "ಯವ್ವಾ, ನಾ ಹೋಗ್ತೇನಿ" ಅನ್ನುತ್ತದೆ.

ಮೊದಲ ಸಲ ಅದನ್ನು ಕೇಳಿದಾಗ ಅವ್ವನ ಮುಖದಲ್ಲಿ ರಕ್ತ ಇಳಿದುಹೋಯಿತು. "ಬರ್ತೇನಿ ಅನ್ನು" ಎಂದಳು ಟಿವಿಗೆ. ಗಾಡಿ ಹೊರಟುಹೋಯಿತು. ಮರುದಿನ ಮತ್ತೆ ಹಚ್ಚಲು ಹೇಳಿದಳು. ಮತ್ತೆ ಅದೇ ಮಾತು. "ಬರ್ತೇನಿ ಅನ್ನೋ ತಮ್ಮಾ" ಎಂದು ಗೋಗರೆದಳು. ಆಮೇಲೆ ಅದೇ ದಿನಚರಿಯಾಯಿತು. ಸಂಜೆ ನಾನು ಬಂದು ಮುಖ ತೊಳೆಯುವಷ್ಟರಲ್ಲಿ ತಲಬಾಗಿಲನ್ನು ಪೂರ್ತಿ ತೆಗೆದಿಟ್ಟು ಟಿವಿಯ ಮುಂದೆ ಕೂತಿರುತ್ತಿದ್ದಳು. ಅವನು "ಬರ್ತೇನಿ" ಅನ್ನುವವರೆಗೆ ಅವಳ ಗಂಟಲಲ್ಲಿ ತುತ್ತು ಇಳಿಯುವಂತಿರಲಿಲ್ಲ. ಅವಳ ರವಕೆ ಸಡಿಲಾಗುತ್ತ ಬಂತು. "ಹೋಗ್ತೇನಿ ಅಂದದ್ದಕ್ಕ ಅವ ಹ್ವಾದ. ಬಾಯಾಗಿನ ಮಾತು ಹೊಳ್ಳಿ ತಗೊಳ್ಳೂತನಕ ನಡುದಾರ್‍ಯಾಗ ನಿಂತಿರ್ತಾನ" ಎಂದಳು ಒಂದು ದಿನ. ಹೀಗೇ ಆದರೆ ಅವ್ವನೂ ನನಗೆ ಉಳಿಯುವುದಿಲ್ಲ ಎಂದು ಹೆದರಿಕೆಯಾಯಿತು.

ಆ ಸಂಜೆಗಳಲ್ಲಿ ಇನ್ನೊಬ್ಬ ಪ್ರೇಕ್ಷಕನೂ ಇರುತ್ತಿದ್ದ. ಅಣ್ಣ ರೊಟ್ಟಿ ಹಾಕಿ ಬೆಳೆಸಿದ್ದ ಓಣಿಯ ಕಂದು ನಾಯಿ. ಟಿವಿಯಲ್ಲಿ ಅಣ್ಣನ ದನಿ ಬಂದ ಕೂಡಲೇ ಎಲ್ಲಿದ್ದರೂ ಓಡಿಬಂದು ಹೊಸ್ತಿಲಲ್ಲಿ ಬಾಲ ಆಡಿಸುತ್ತ ನಿಲ್ಲುತ್ತಿತ್ತು. ಪರದೆಯ ಮೇಲಿನ ನಾಯಿಯನ್ನು ಅದು ಒಮ್ಮೆಯೂ ನೋಡಲಿಲ್ಲ. ನೋಡುತ್ತಿದ್ದದ್ದು ಅಣ್ಣ ಕೂರುತ್ತಿದ್ದ ಕುರ್ಚಿಯನ್ನು. ನಾನು ಒಂದೆರಡು ಸಲ ಆ ಕುರ್ಚಿಯನ್ನು ಒಳಗಿನ ಕೋಣೆಗೆ ಒಯ್ದಿಟ್ಟೆ. ನಾಯಿ ಅದಿದ್ದ ಖಾಲಿ ಜಾಗವನ್ನೇ ನೋಡಿ ಬಾಲ ಆಡಿಸಿತು. ಕುರ್ಚಿ ಇದ್ದರೇ ಮೇಲು ಎನ್ನಿಸಿ ಹೊಳ್ಳಿ ತಂದಿಟ್ಟೆ.

ನಾನು ಭೂತ ದೆವ್ವ ನಂಬುವವಳಲ್ಲ, ನಂಬುವವರನ್ನು ಆಡಿಕೊಳ್ಳುವವಳು. ಆದರೆ ಅಣ್ಣ ಯಾಕೆ ಆ ಮಾತು ಆಡಿದ? ಅವ್ವನ ಕೈಯಲ್ಲಿ ಬೆಳೆದವನು ತಮಾಷೆಗೂ ಹಾಗೆ ಅನ್ನುವವನಲ್ಲ. ಒಂದು ಶನಿವಾರ ಶಾಲೆ ಬೇಗ ಬಿಟ್ಟಾಗ, ಸ್ಟುಡಿಯೋದಲ್ಲಿ ಅಣ್ಣನ ಬೇರೆ ರೆಕಾರ್ಡಿಂಗ್ ಏನಾದರೂ ಸಿಕ್ಕೀತೇ ನೋಡಿ ಬರುತ್ತೇನೆಂದು ಅವ್ವನಿಗೆ ಫೋನಿನಲ್ಲಿ ಹೇಳಿ, ಬಾಗಲಕೋಟೆಯ ಬಸ್ಸು ಹತ್ತಿದೆ.

ಸ್ಟುಡಿಯೋದವನು ಕೌದಿಗಳ ನಡುವೆ ನನ್ನನ್ನು ಕೂರಿಸಿ ಆ ದೃಶ್ಯ ಹಾಕಿದ, ದನಿ ತೆಗೆದು. ನಾಯಿಯ ಅಂಟಿಸಿದ ಬಾಯಿ ಮಾತ್ರ ಸಾವಕಾಶವಾಗಿ ತೆರೆಯಿತು, ಮುಚ್ಚಲಿಲ್ಲ. ಅವನು ಬಾಯಿ ಬಿಡುವ ಮೊದಲೇ ನನಗೆ ಹೊಳೆಯಿತು. ಪ ಫ ಬ ಭ ಮ, ತುಟಿ ಕೂಡದೆ ಹುಟ್ಟುವುದಿಲ್ಲ ಎಂದು ವರ್ಷವರ್ಷವೂ ಮಕ್ಕಳಿಗೆ ಬಡಿದುಕೊಳ್ಳುವವಳು ನಾನೇ. ಆ ದೃಶ್ಯದಲ್ಲಿ ನಾಯಿಯ ತುಟಿ ಕೂಡುವುದೇ ಇಲ್ಲ. ಅದರ ಬಾಯಿಂದ "ಬರ್ತೇನಿ" ಬರುವ ಹಾಗೇ ಇರಲಿಲ್ಲ. "ಹೋಗ್ತೇನಿ"ಗೆ ಅಗಲಿಸಿದ ಬಾಯಿ ಸಾಕು.

"ಭಾಳ ಜಗಳಾಡಿದ್ರು ಅಕ್ಕಾರ" ಎಂದ ಅವನು. "ಮೊದಲು ಬರ್ತೇನಿ ಅಂತನ ಹೇಳಿದ್ರು. ಕೂಡಲಿಲ್ಲ. ಕಡೀಕ ಸಿಟ್ಟಿನಾಗ ಹೋಗ್ತೇನಿ ಅಂದು ಎದ್ದುಬಿಟ್ರು."

"ಆ ಮೊದಲಿಂದು ಐತೇನು?"

ಇತ್ತು. ಹುಡುಕಿ ನನ್ನ ಮೊಬೈಲಿಗೆ ಹಾಕಿಕೊಟ್ಟ. ಅವ್ವ ಬದುಕಿದಳು ಅಂದುಕೊಂಡೆ. ಬಸ್ ಸ್ಟ್ಯಾಂಡಿಗೆ ಹೆಚ್ಚುಕಡಿಮೆ ಓಡುತ್ತಲೇ ಹೋದೆ.

ಅಮೀನಗಡದಲ್ಲಿ ಬಸ್ಸು ನಿಂತಾಗ ಜನ ಕರದಂಟು ಕೊಳ್ಳಲು ಇಳಿದರು. ನನ್ನ ಪಕ್ಕದ ಸೀಟು ಖಾಲಿಯಾಯಿತು. ಅದರ ಮೇಲೆ ಬ್ಯಾಗಿಟ್ಟು, ಕಿವಿಗೆ ವೈರು ಸಿಕ್ಕಿಸಿ, ರೆಕಾರ್ಡಿಂಗ್ ಹಚ್ಚಿದೆ. ಸಿನಿಮಾದ ಗಂಟೆ ಸಂಗೀತ ಇರಲಿಲ್ಲ. ಕೌದಿಗಳ ಕೋಣೆಯ ಮೌನವಿತ್ತು, ಅಣ್ಣನ ಉಸಿರಿತ್ತು. "ಲೇ, ಮನಿ ಬಿಟ್ಟು ಹೊಂಟಾವ ಹೋಗ್ತೇನಿ ಅಂತಾನೇನ್ಲೇ? ನಮ್ಮವ್ವ ಕೇಳಿದ್ರ ಬಾಯಿ ಮ್ಯಾಲ ಹೊಡೀತಾಳ." ನಗು. ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ, ನನ್ನ ಕಿವಿಯ ತೀರಾ ಹತ್ತಿರ: "ಯವ್ವಾ, ನಾ ಬರ್ತೇನಿ."

ಅದೇ ಹೊತ್ತಿಗೆ ಒಬ್ಬ ಹೆಂಗಸು ನನ್ನ ಭುಜ ಮುಟ್ಟಿ ಖಾಲಿ ಸೀಟು ತೋರಿಸಿ ಕೇಳಿದಳು: "ಇಲ್ಲಿ ಯಾರರ ಬರ್ತಾರೇನ್ರಿ?"

ಬಸ್ಸಿನಲ್ಲಿ ದಿನಾ ಕೇಳುವ ಪ್ರಶ್ನೆ. ನಾನು ಕಿವಿಯ ವೈರು ಕಿತ್ತೆ. ಬದುಕಿದ್ದವನು "ಬರ್ತೇನಿ" ಅಂದರೆ ಅದು ಭರವಸೆ. ಮಣ್ಣು ಮಾಡಿ, ಹಿಂದಿರುಗಿ ನೋಡದೆ ನಡೆದು ಬಂದ ಮೇಲೆ, ಅವನು "ಬರ್ತೇನಿ" ಅಂದರೆ? ಅಂಥ ಮಾತನ್ನು ನಾನು ಮೊಬೈಲಿನಲ್ಲಿಟ್ಟುಕೊಂಡು ಮನೆಗೆ ಒಯ್ಯುತ್ತಿದ್ದೆ. ಆ ಹೆಂಗಸು ನನ್ನ ಮುಖ ನೋಡಿ ಬೇರೆ ಸೀಟಿಗೆ ಹೋದಳು. ಇಳಕಲ್ ಬರುವವರೆಗೂ ನನ್ನ ಪಕ್ಕ ಯಾರೂ ಕೂರಲಿಲ್ಲ.

ಅವ್ವ ಬಾಗಿಲು ತೆಗೆದಿಟ್ಟು ಕಾಯುತ್ತಿದ್ದಳು. ನಾಯಿ ಹೊಸ್ತಿಲಲ್ಲಿ ಮಲಗಿತ್ತು. "ಸಿಕ್ಕಿತೇನು?" ಅಂದಳು.

"ಇಲ್ಲ ಬೇ."

"ಸುಳ್ಳು. ನಿನ್ನ ಮಾರಿ ನೋಡಿದ್ರ ಗೊತ್ತಾಗತೈತಿ. ಹಚ್ಚು."

ಮೊಬೈಲನ್ನು ಅವಳ ತೊಡೆಯ ಮೇಲಿಟ್ಟು ಹಚ್ಚಿದೆ. "ನಮ್ಮವ್ವ ಕೇಳಿದ್ರ ಬಾಯಿ ಮ್ಯಾಲ ಹೊಡೀತಾಳ" ಎಂದಾಗ ಅವಳ ಮುಖ ಅರಳಿತು, ಕಣ್ಣು ತುಂಬಿ ಬಂದವು. "ನೋಡಿದ್ಯಾ? ಮರ್ತಿದ್ದಿಲ್ಲ ನನ್ನ ಮಗ" ಎಂದಳು. ಬಾಯಿ ಮುಚ್ಚದ ಆ ನಾಯಿ ಈಗ ಎಲ್ಲೂ ಇರಲಿಲ್ಲ, ಬರೀ ಅಣ್ಣನಿದ್ದ.

"ಯವ್ವಾ, ನಾ ಬರ್ತೇನಿ."

ಹೊಸ್ತಿಲಲ್ಲಿದ್ದ ನಾಯಿ ಚಂಗನೆ ಎದ್ದಿತು. ಈ ಸಲ ಕುರ್ಚಿಯ ಕಡೆ ನೋಡಲಿಲ್ಲ. ಹೊರಗೆ ತಿರುಗಿ, ಕಿವಿ ನಿಮಿರಿಸಿ, ಓಣಿಯ ತುದಿಯನ್ನು ನೋಡುತ್ತ ಬಾಲ ಆಡಿಸತೊಡಗಿತು. ಓಣಿಯಲ್ಲಿ ಯಾರೂ ಇರಲಿಲ್ಲ.

ಅವ್ವ ನಾಯಿಯನ್ನು ನೋಡಿದಳು, ತೆರೆದ ಬಾಗಿಲನ್ನು ನೋಡಿದಳು. "ಹೂಂ" ಅಂದಳು. ಅಷ್ಟು ದಿನದಿಂದ ಎದೆಯಲ್ಲಿಟ್ಟುಕೊಂಡಿದ್ದ "ಬಾ" ಎಂಬ ಮಾತಿಗೆ ಅವಳ ತುಟಿಗಳು ಕೂಡಿದವು. ಕೂಡಿದಂತೆಯೇ ಉಳಿದವು. ಕಡೆಗೆ ತುಟಿ ಬಿಚ್ಚಿದಾಗ ಬಂದದ್ದು ಬೇರೆ ಮಾತು.

"ಬ್ಯಾಡ ನನ್ನಪ್ಪಾ. ಬರಬ್ಯಾಡ. ನೀ ಹೋಗು."

ಆ ಮನೆಯಲ್ಲಿ, ಅವಳ ಬಾಯಲ್ಲಿ, ಹೊರಟವರಿಗೆ ಆ ಮಾತು ಬಂದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಅವಳು ಅಳಲಿಲ್ಲ. ಮೊಬೈಲನ್ನು ನನ್ನ ಕೈಗೆ ಕೊಟ್ಟು, ಮೊಣಕಾಲಿಗೆ ಕೈಯೂರಿ ಎದ್ದು, ನಾಯಿಗೆ ಒಂದು ರೊಟ್ಟಿ ಹಾಕಿ ಬಾಗಿಲು ಮುಚ್ಚಿದಳು.